ಶ್ರೀಮತಿ ಸೀತಾ ಅವರಿಗೆ ತುರ್ತು ಸೂಚನೆ

ಶೃಂಗೇರಿ ಬಸ್‌ಸ್ಟ್ಯಾಂಡಿನ ಎದುರು ಕೂತು ಶಶಿಕಿರಣ ಒಂದು ಎಂಟರ್ ಒತ್ತಿದರೆ ಸಾಕು, ನ್ಯೂಯಾರ್ಕಿನ ಬ್ಯಾಂಕುಗಳ ಬೀಗಗಳು ತಾವಾಗಿಯೇ ಕಳಚಿ ಬೀಳುತ್ತಿದ್ದವು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಇದ್ದದ್ದು ನಾಲ್ಕು ಕಂಪ್ಯೂಟರಿನ ಸೈಬರ್ ಕೆಫೆ. 2007ರ ಬೇಸಗೆಯಲ್ಲಿ ಅವನಿಗೆ ಬೇಕಾಗಿದ್ದದ್ದೂ ಒಂದೇ ಬೀಗ: ಪಕ್ಕದೂರು ಮೆಣಸೆಯ ಸೀತಕ್ಕನದು.

ಸೀತಕ್ಕ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಪರದೇಶಕ್ಕೆ ಕಳಿಸುತ್ತಿದ್ದಳು. ವರ್ಷದ ಗಳಿಕೆಯೆಲ್ಲ ಆನ್‌ಲೈನ್ ಪಾವತಿ ಕಂಪನಿಯೊಂದರ ಖಾತೆಯಲ್ಲಿತ್ತು. ಆಕೆಗೆ ಇ-ಮೇಲ್ ವಿಳಾಸ ಮಾಡಿಕೊಟ್ಟು ಮೌಸ್ ಹಿಡಿಯಲು ಕಲಿಸಿದವನು ಇವನು. ಅದಕ್ಕೆ ಪ್ರತಿಯಾಗಿ ಆಕೆ, ಕೆಫೆ ತುಂಬ ಜನರಿದ್ದಾಗ, "ಎಂತ ಮಾರಾಯ, ನಿನ್ನ ಕೀಬೋರ್ಡ್ ಕೊಡವಿದ್ರೆ ಒಂದು ಹೊತ್ತಿನ ಮಂಡಕ್ಕಿ ಬೀಳ್ತದಲ್ಲ!" ಎಂದು ನಕ್ಕು, ಮರುವಾರವೇ ಮನೆಗೆ ಸ್ವಂತ ಕಂಪ್ಯೂಟರ್ ತರಿಸಿದಳು. ಮಂಡಕ್ಕಿಯ ಸುದ್ದಿ ಕೊಪ್ಪ ದಾಟಿ ನರಸಿಂಹರಾಜಪುರಕ್ಕೆ ಬಸ್ಸಿಗಿಂತ ಮೊದಲು ತಲುಪಿತು. ಇದಕ್ಕಿಂತ ಸಣ್ಣ ಕಾರಣಕ್ಕೆ ಮಹಾಯುದ್ಧಗಳೇ ನಡೆದಿವೆ ಎಂದುಕೊಂಡ ಶಶಿಕಿರಣ.

ಪಾವತಿ ಕಂಪನಿಯ ಪುಟವನ್ನು ಹಾಗೆಯೇ ನಕಲು ಮಾಡಿದ. ಅದೇ ಬಣ್ಣ, ಅದೇ ಲಾಂಛನ. ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಹೆಚ್ಚು, ಅದನ್ನು ಯಾರು ಎಣಿಸುತ್ತಾರೆ? ಖಾತೆಯಲ್ಲಿ ಅನುಮಾನದ ವ್ಯವಹಾರ ಕಂಡಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡದಿದ್ದರೆ ಖಾತೆ ಬಂದ್ ಎಂದು ಚಂದದ ಇಂಗ್ಲಿಷಿನಲ್ಲಿ ಬರೆದು ನಾಲ್ಕು ಸಲ ತಿದ್ದಿದ. ದಡ್ಡ ಕಳ್ಳರು "ಪ್ರಿಯ ಗ್ರಾಹಕರೇ" ಎಂದು ಬರೆದು ಸಿಕ್ಕಿಬೀಳುತ್ತಾರೆ, ನಿಜವಾದ ಕಂಪನಿ ಹೆಸರು ಹಿಡಿದೇ ಕರೆಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಕಂಪನಿಗೆ ಆಕೆ ಅಕ್ಕನಾಗುವುದಿಲ್ಲವಲ್ಲ! ಅಕ್ಕನನ್ನು ತೆಗೆದು "ಶ್ರೀಮತಿ ಸೀತಾ ಅವರಿಗೆ" ಎಂದು ಹಾಕಿ, ಎಂಟರ್ ಒತ್ತಿದ.

ಮರುದಿನ ಪಾಸ್‌ವರ್ಡ್ ಬರಲಿಲ್ಲ. ಸೀತಕ್ಕನೇ ಬಂದಳು. ಮೇಲ್‌ನ ಪ್ರಿಂಟನ್ನು ಮೇಜಿನ ಮೇಲಿಟ್ಟಳು. ಶಶಿಕಿರಣ ಎದೆಯುಬ್ಬಿಸಿದ. "ಇದು ಮೋಸದ ಮೇಲ್, ಸೀತಕ್ಕ. ನನ್ನ ಹತ್ರ ತಂದಿದ್ದು ಒಳ್ಳೇದಾಯ್ತು. ಇಂಥ ನೂರು ಕಳ್ಳರನ್ನ ಹಿಡಿದಿದೀನಿ."

"ನೂರಾ ಒಂದನೆಯವನನ್ನ ನಾನು ಹಿಡೀತೀನಿ, ತಡಿ," ಎಂದಳು ಸೀತಕ್ಕ. "ನಾನು ಮದುವೆಯಾಗಿ ಬಂದಾಗ ಅತ್ತೆಯದೂ ನಂದೂ ಒಂದೇ ಹೆಸರು ಮಾರಾಯ. ಕರೆಯೋಕೆ ಕಷ್ಟ ಅಂತ ಮನೆಯವ್ರು ನನ್ನನ್ನ ಸೀತೆ ಮಾಡಿದ್ರು. ಬ್ಯಾಂಕಿಗೆ, ಆ ಕಂಪ್ನಿಗೆ, ಪರದೇಶದ ಗಿರಾಕಿಗಳಿಗೆ ನಾನಿವತ್ತಿಗೂ ನೀಲಾಂಬಿಕೆ. ಸೀತೆ ಅನ್ನೋ ಹೆಸರೂ ಗೊತ್ತಿದ್ದು, ನನ್ನ ಇ-ಮೇಲೂ ಗೊತ್ತಿರೋ ಕಂಪ್ನಿ ಲೋಕದಲ್ಲಿ ನಿಂದೊಂದೇ ಅಲ್ದಾ?" ಶಶಿಕಿರಣ ಕೀಬೋರ್ಡ್ ನೋಡುತ್ತ ಹೇಳಿದ: "ನೂರು ಕಳ್ಳರು ಸುಳ್ಳು. ಒಬ್ಬನೇ. ನಾನೇ ಕಳಿಸಿದ್ದು ಸೀತಕ್ಕ... ಅಲ್ಲ, ನೀಲಾಂಬಿಕಮ್ಮ."