ಬೆವರು ಹೀರಿದ ಕುಬಸ

"ಈಕಿನ್ನ ಯಾಕ ಕರಿಸೀರಿ ವಕೀಲ ಸಾಹೇಬ್ರ? ನಾ ಬ್ಯಾಡ ಅಂದಿದ್ದೆನಲ್ರಿ!"

ವಕೀಲರ ಕಚೇರಿಯ ಬಾಗಿಲಲ್ಲೇ ಕೌಸಲ್ಯಾಳ ಕಾಲು ನಿಂತಿತು. ವರ್ಷದ ನಂತರ ಕೇಳಿದ ಪಂಢರಿಯ ಮೊದಲ ಮಾತು ಇದೇ ಆಗಬೇಕಿತ್ತೇ...?

ಬೀದರ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಪೇಟೆಯಲ್ಲೆಲ್ಲ ನೈಲಾನ್ ಹುಚ್ಚು. ಬೆವರು ಹೀರದ ಆ ಬಟ್ಟೆ ಮೈಗೆ ಅಂಟುತ್ತದೆಂದು ಔರಾದ ಶಾಲೆಯ ಟೀಚರ್ ಕೌಸಲ್ಯಾ ಒಮ್ಮೆ ಗೊಣಗಿದ್ದಳು. ಭಾಲ್ಕಿಯ ಬಣ್ಣಗಾರ ಪಂಢರಿ ಅದನ್ನೇ ಹಟವಾಗಿ ಹಿಡಿದ. ಜಾಲಿ ಅಂಟಿನ ಮದ್ದು ಲೇಪಿಸಿ, ಬೆವರು ಹೀರುವ ನೈಲಾನ್ ಮಾಡಿಯೇಬಿಟ್ಟ! ಮೊದಲ ತುಂಡನ್ನು ಗುಟ್ಟಾಗಿ ಅವಳಿಗೇ ಕೊಟ್ಟ. ಅವಳು ಕುಬಸ ಹೊಲಿಸಿ ಹಲಬರ್ಗಾದ ಮದುವೆಗೆ ತೊಟ್ಟಿದ್ದಳು.

ಆಮೇಲೆ ಅವನ ಸುಳಿವೇ ಇಲ್ಲ. ಅಂಥದೇ ಬಟ್ಟೆ ಮುಂಬೈ ಗಿರಣಿಯ ಮುದ್ರೆ ಹೊತ್ತು ಅಂಗಡಿಗೆ ಬಂತು.

'ಮಾರಿಕೊಂಡ! ನನಗಾಗಿ ಮಾಡಿದ್ದನ್ನು ಮಾರಿಕೊಂಡ!'

ಪ್ರೀತಿಸಿದವಳ ಸಿಟ್ಟಿಗೆ ಸಾಕ್ಷಿ ಬೇಕೇ?

"ಅವ ಮಾರಿಲ್ಲಮ್ಮಾ," ಎಂದರು ವಕೀಲ ಜಹೀರೋದ್ದೀನ, ಅವಳ ಮುಖದ ಸಿಟ್ಟು ಕಂಡು ಒಳಗೆ ಕರೆಯುತ್ತ. "ಇವನ ಹತ್ರ ಕೆಲಸಾ ಕಲಿಲಿಕ್ಕೆ ಬಂದವನೊಬ್ಬ ಗಿರಣಿಗಿ ಗುಟ್ಟು ಹೇಳ್ಯಾನ. ಅವರು ಬಟ್ಟಿ ಅಂಗಡಿಗಿ ಬಿಡೂ ಮೊದಲ ಪೇಟೆಂಟಿಗಿ ಅರ್ಜಿ ಹಾಕ್ಯಾರ. ಸಿಕ್ಕರ ಪಂಢರಿ ತನ್ನ ಬಟ್ಟಿ ತಾನೇ ಮಾಡಂಗಿಲ್ಲ. ಅವರ ಅರ್ಜಿಗಿಂತ ಮೊದಲೇ ನಾಕು ಮಂದಿ ನಡುವ ಇದನ್ನ ತೊಟ್ಟಿದ್ದು ಸಾಬೀತಾದ್ರ ಪೇಟೆಂಟ್ ಸಿಗೂದಿಲ್ಲ. ತೊಟ್ಟಾಕಿ ನೀ ಒಬ್ಬಾಕಿ."

"ಕೊಟ್ಟವ್ರು ಯಾರು ಅಂತ ಕೇಳ್ತಾರ ಕೌಸಲ್ಯಾ," ಪಂಢರಿ ನಡುವೆ ಬಾಯಿ ಹಾಕಿದ. "ಲಗ್ನ ಆಗದ ಹುಡುಗಿ ಪರಗಂಡಸಿನ ಕೈಯಿಂದ ಕುಬಸ ತಗೊಂಡಾಳ ಅಂತ ಊರೆಲ್ಲಾ ಆಡ್ತದ. ನನ್ನ ಬಟ್ಟಿ ಹಾಳಾಗಿ ಹೋಗ್ಲಿ. ನಿನ್ನ ಹೆಸರು ಬ್ಯಾಡ."

"ಅದಕ್ಕ ಒಂದ ವರ್ಷ ನನಗ ಮಾರಿ ತೋರಸ್ಲಿಲ್ಲೇನು?"

ಅವನು ತಲೆ ತಗ್ಗಿಸಿದ. ಅವಳ ಎದೆಯೊಳಗಿನ ಕಲ್ಲು ಕರಗಿತು. ಇಷ್ಟು ದಿನ ಇವನನ್ನೇ ಶಪಿಸಿದೆನಲ್ಲ...!

ಚೀಲದಿಂದ ಕುಬಸ ತೆಗೆದು ಮೇಜಿನ ಮೇಲಿಟ್ಟಳು. ಕಣ್ಣ ಹನಿಯೊಂದು ಅದರ ಮೇಲೆ ಬಿತ್ತು. ನೈಲಾನ್ ಮೇಲಿನ ನೀರು ಜಾರಬೇಕು. ಇದು ಜಾರಲಿಲ್ಲ, ಬಟ್ಟೆ ಹೀರಿಕೊಂಡಿತು.

"ಬರಕೊಳ್ರಿ ವಕೀಲರ. ನಾ ಹೇಳ್ತೇನಿ."

"ಕೊಟ್ಟವ್ರು?"

"ಪಂಢರಿ, ಭಾಲ್ಕಿ."

"ಅವ ನಿನಗ ಏನಾಗ್ಬೇಕು?"

ಕೌಸಲ್ಯಾ ಸೆರಗು ಸರಿಪಡಿಸಿಕೊಂಡಳು.

"ನನ್ನ ಲಗ್ನ ಆಗವ್ರು."

ವಕೀಲರು ಕೆಮ್ಮಿ, ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋದರು.

"ಕೌಸಲ್ಯಾ... ನಾ ಇನ್ನಾ ಕೇಳೇ ಇಲ್ಲ!"

"ನೀ ಕೇಳೂತನ ಕುಂತ್ರ ಮುದುಕಿ ಆಗ್ತಿದ್ದೆ."

ಅವನು ಕಣ್ಣೊರೆಸಿಕೊಂಡ. "ಈ ಕುಬಸ ಸಾಕ್ಷಿಗಂತ ಕಲ್ಕತ್ತಾದ ಪೇಟೆಂಟ್ ಕಚೇರಿಗಿ ಹೋಗ್ತದ. ನಿನಗ ಇನ್ನೊಂದು ತರ್ಲಿ?"

"ತಾ. ಈ ಸಲ ನಮ್ಮೂರು ಮೆಹಕರಕ್ಕ ತಗೊಂಡು ಬಾ... ಅಪ್ಪನ ಮುಂದ ಕೊಡು."