ಎರಡನೇ ನಂಬರು

ಷಡ್ಕ ಹಲ್ಲು ಕೆದಕಿದ ಬೆರಳಿನಲ್ಲೇ ತನ್ನ ಕೀಬೋರ್ಡ್ ಮುಟ್ಟುವುದನ್ನು ಅವನು ಮೂರು ವರ್ಷ ಸಹಿಸಿದ್ದ. ಹೆಂಡತಿಯ ಅಕ್ಕನ ಗಂಡ, ಆಫೀಸಿನಲ್ಲಿ ಮೇಲಧಿಕಾರಿ. ಮನೆಯಲ್ಲೂ ಆಫೀಸಿನಲ್ಲೂ ಬಾಯಿ ಮುಚ್ಚಿಕೊಂಡಿರಬೇಕಾದ ಸಂಬಂಧ. ಮುಖದ ಹತ್ತಿರ ಬಂದು ಉಗುಳು ಹಾರಿಸುತ್ತ ಮಾತಾಡುವುದು, ಕಂಡವರ ಲೋಟದಲ್ಲಿ ನೀರು ಕುಡಿದು ಅಂಚಿಗೆ ಜಿಡ್ಡು ಬಿಟ್ಟುಹೋಗುವುದು, ಎಲ್ಲವನ್ನೂ ನುಂಗಿಕೊಂಡಿದ್ದ. ಆದರೆ ಹೋದ ತಿಂಗಳು ಆಸ್ಪತ್ರೆಯ ದೊಡ್ಡವರ ಮುಂದೆ ಎದ್ದು ನಿಂತು, "ಈ ಎರಡನೇ ನಂಬರಿನ ಐಡಿಯಾ ನಂದೇ ಸಾರ್" ಅಂದದ್ದು ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಐಡಿಯಾ ಇವನದು. ಆಸ್ಪತ್ರೆಯ ಉಗ್ರಾಣದಲ್ಲಿ ಮಕ್ಕಳ ಲಸಿಕೆ ಇಟ್ಟ ಫ್ರಿಜ್ಜು ಬಿಸಿಯಾದರೆ, ಇವರ ಆಫೀಸು ಆಸ್ಪತ್ರೆಗೆ ಮಾಡಿಕೊಡುತ್ತಿದ್ದ ಅಪ್ಲಿಕೇಶನ್ನು ಕಾವಲುಗಾರನಿಗೆ ಫೋನ್ ಮಾಡಬೇಕು. ಅವನು ಎತ್ತದಿದ್ದರೆ, ಅಥವಾ ಅವನ ನಂಬರೇ ಇಲ್ಲದಿದ್ದರೆ, ಎರಡನೆಯವರಿಗೆ. ಯಾರಾದರೂ ಎತ್ತುವವರೆಗೂ ಬಿಡಕೂಡದು. ಇದನ್ನು ಅವನು ಮನೆಯಲ್ಲಿ ಕೂತು ಬರೆದಿದ್ದ. ಎಚ್ಚರಿಕೆಯ ಮಾತುಗಳನ್ನೂ ಗಂಟೆ ನಿಮಿಷದ ಅಂಕಿಗಳನ್ನೂ ತನ್ನ ದನಿಯಲ್ಲೇ ರೆಕಾರ್ಡ್ ಮಾಡಿದ್ದ. ಏನಾಯಿತು, ಯಾವಾಗ ಆಯಿತು ಅನ್ನುವುದನ್ನು ಅಪ್ಲಿಕೇಶನ್ನು ಅವನ್ನೇ ಜೋಡಿಸಿ ಹೇಳುತ್ತಿತ್ತು.

ಅಪ್ಲಿಕೇಶನ್ನು ಪರೀಕ್ಷೆ ಮುಗಿಸಿ ಅಸಲಿ ಬಳಕೆಗೆ ಹೋಗುವ ವಾರ ಸೇಡಿನ ಉಪಾಯ ಹೊಳೆಯಿತು. ಫ್ರಿಜ್ಜಿನ ಕಂಪನಿಯಲ್ಲಿ ಒಂದು ಇಂಟರ್ನೆಟ್ ವಿಳಾಸ ಬರೆಸಿ, ಏನಾದರೂ ಹೆಚ್ಚುಕಡಿಮೆಯಾದರೆ ಇಲ್ಲಿಗೆ ಸುದ್ದಿ ಕಳಿಸಿ ಅನ್ನುವುದೇ ವೆಬ್‌ಹುಕ್ಕು. ಅಪ್ಲಿಕೇಶನ್ನು ಹೊಸ ಯಂತ್ರಕ್ಕೆ ಹೋದರೂ ಆ ವಿಳಾಸ ತಾನಾಗಿ ಹಿಂದೆ ಹೋಗುವುದಿಲ್ಲ. ಹೊಸದಾಗಿ ಬರೆಸದಿದ್ದರೆ ಸುದ್ದಿಯೆಲ್ಲ ಹಳೆಯ ಪರೀಕ್ಷೆಯ ಯಂತ್ರಕ್ಕೇ ಹೋಗಿ ಬೀಳುತ್ತದೆ. ಎಲ್ಲರೂ ಮಾಡುವ ತಪ್ಪು. ಅವನು ಬರೆಸಲಿಲ್ಲ, ಅಷ್ಟೇ.

ಗುರುವಾರ ಷಡ್ಕ ಪರದೆಗೆ ಮೂಗು ತಾಗಿಸಿಕೊಂಡು ಕೇಳಿದ, "ಏನಪ್ಪಾ, ಹೊಸದರಲ್ಲಿ ಒಂದೂ ಮೆಸೇಜ್ ಬರ್ತಿಲ್ವಲ್ಲ?"

"ಫ್ರಿಜ್ಜು ಬಿಸಿಯಾದ್ರೆ ತಾನೆ ಭಾವ ಬರೋದು? ತಣ್ಣಗಿದೆ ಅಂತ ಖುಷಿಪಡಿ."

"ಅದೂ ಸರೀನೆ," ಅಂದ ಷಡ್ಕ. 'ವೆಬ್‌ಹುಕ್ ವಿಳಾಸ ಬದಲಿಸಿ ಪರೀಕ್ಷಿಸಲಾಗಿದೆ' ಅನ್ನುವ ಸಾಲಿನ ಮುಂದೆ, ಓದದೆಯೇ, ಒದ್ದೆ ಬೆರಳಿನಿಂದ ಹಾಳೆ ಒತ್ತಿಹಿಡಿದು ಸಹಿ ಹಾಕಿದ. ಆ ಬೆರಳಿನ ಗುರುತು ಹಾಳೆಯ ಮೇಲೆ ಒಣಗುವುದನ್ನು ಅವನು ಹೇಸಿಗೆಯಿಂದಲೂ ತೃಪ್ತಿಯಿಂದಲೂ ನೋಡಿದ.

ಉಳಿದದ್ದನ್ನು ವಿದ್ಯುತ್ ಇಲಾಖೆಯವರೇ ಮಾಡಿಕೊಡುವವರಿದ್ದರು. ಭಾನುವಾರ ಹತ್ತರಿಂದ ಐದರವರೆಗೆ ಆಸ್ಪತ್ರೆಯ ಬೀದಿಗೆ ಕರೆಂಟಿಲ್ಲ ಎಂಬ ಪ್ರಕಟಣೆ ಅವನು ಓದಿದ್ದ, ಷಡ್ಕ ಓದಿರಲಿಲ್ಲ. ಫ್ರಿಜ್ಜು ಬ್ಯಾಟರಿಯಲ್ಲಿ ಸುದ್ದಿಯನ್ನೇನೋ ಕಳಿಸುತ್ತದೆ, ಆದರೆ ಜನರೇಟರನ್ನು ಕೈಯಿಂದ ಶುರುಮಾಡಬೇಕು. ಫೋನ್ ಬಂದರೆ ಮಾತ್ರ ಕಾವಲುಗಾರ ಎದ್ದುಹೋಗುವುದು. ಸೋಮವಾರ ಬಾಗಿಲು ತೆಗೆದರೆ ಸಾವಿರಾರು ಮಕ್ಕಳ ಲಸಿಕೆ ತಿಪ್ಪೆಗೆ, ಸಹಿ ಹಾಕಿದವನು ಬೀದಿಗೆ. ಮಕ್ಕಳ ನೆನಪು ಒಮ್ಮೆ ಬಂತು. ಕೆಟ್ಟದ್ದನ್ನು ಯಾರೂ ಚುಚ್ಚುವುದಿಲ್ಲವಲ್ಲ, ಇನ್ನೊಂದು ತಿಂಗಳು ಕಾಯುತ್ತಾರೆ ಅಂದುಕೊಂಡು ಅದನ್ನು ತಳ್ಳಿಹಾಕಿದ. ಷಡ್ಕನ ಬೆರಳಿಗಿಂತ ಈ ಯೋಚನೆ ಹೊಲಸು ಅಂತ ಅವನಿಗೆ ಅನ್ನಿಸಲೇ ಇಲ್ಲ.

ಒಂದೇ ಒಂದು ಕೆಲಸ ಬಾಕಿಯಿತ್ತು. ಪರೀಕ್ಷೆಯ ಯಂತ್ರದಲ್ಲಿ ಕಾವಲುಗಾರನ ಜಾಗಕ್ಕೆ ತನ್ನದೇ ನಂಬರಿತ್ತು, ಸುದ್ದಿ ಅಲ್ಲಿಗೆ ಬಿದ್ದರೆ ಫೋನು ತನಗೇ ಬರುತ್ತದೆ. ಗೊತ್ತಿದ್ದೂ ಸುಮ್ಮನಿದ್ದ ಅಂತ ನಾಳೆ ಯಾರೂ ಬೊಟ್ಟು ಮಾಡಬಾರದು. ಆ ಯಂತ್ರದ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಭಾನುವಾರ ಬೆಳಿಗ್ಗೆ ಹಲ್ಲುಜ್ಜಿ, ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ತನ್ನ ನಂಬರು ಅಳಿಸಿ, ಹೆಂಡತಿಯೊಂದಿಗೆ ಷಡ್ಕನ ಮನೆಗೆ ಊಟಕ್ಕೆ ಹೊರಟ. ವೈರಿಯ ಊಟದ ಮೇಜಿನ ಮುಂದೆಯೇ ಇಡೀ ದಿನ ಕೂತಿದ್ದವನನ್ನು ಯಾರು ತಾನೆ ಅನುಮಾನಿಸುತ್ತಾರೆ?

ಷಡ್ಕ ಚಪ್ಪರಿಸುತ್ತ ಉಣ್ಣುತ್ತಿದ್ದ, ಗಲ್ಲದ ಮೇಲೆ ಸಾರು. ಇನ್ನೊಂದೇ ದಿನ ಅಂತ ಅವನು ಮುಖ ತಿರುಗಿಸಿಕೊಂಡ. ಮಧ್ಯಾಹ್ನ ಒಂದೂಕಾಲಿಗೆ ಮೇಜಿನ ಮೇಲಿದ್ದ ಹೆಂಡತಿಯ ಫೋನು ಬಡಿದುಕೊಂಡಿತು. ಕೈ ಎಂಜಲಾಗಿದ್ದರಿಂದ ಅವಳು ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

ಮೊದಲ ಸಲ ಶುರುಮಾಡುವಾಗ ಎರಡು ಬೇರೆ ಬೇರೆ ನಂಬರು ಕೊಡದೆ ಅಪ್ಲಿಕೇಶನ್ನು ಮುಂದಕ್ಕೆ ಹೋಗದಂತೆ ಬರೆದವನು ಅವನೇ. ವರ್ಷದ ಹಿಂದೆ, ಮನೆಯಲ್ಲಿ ಕೂತು, ಕೈಗೆ ಸಿಕ್ಕ ಹೆಂಡತಿಯ ನಂಬರನ್ನು ಎರಡನೆಯದಾಗಿ ತುಂಬಿದ್ದ. ಆಮೇಲಿನ ಪರೀಕ್ಷೆಗಳಲ್ಲೆಲ್ಲ ಮೊದಲ ರಿಂಗಿಗೇ ತಾನು ಎತ್ತುತ್ತಿದ್ದದ್ದರಿಂದ ಅದು ರಿಂಗಾಗಿರಲೇ ಇಲ್ಲ, ಅವನಿಗೆ ಮರೆತೇಹೋಗಿತ್ತು. "ಲಸಿಕೆಯ ಫ್ರಿಜ್ಜು ಬಿಸಿಯಾಗುತ್ತಿದೆ," ಅಂದಿತು ಫೋನು. "ಸುದ್ದಿ ಬಂದದ್ದು ಪರೀಕ್ಷೆಯ ಯಂತ್ರಕ್ಕೆ. ಮೊದಲನೇ ನಂಬರನ್ನು ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ತೆಗೆಯಲಾಗಿದೆ." "ಅಯ್ಯೋ, ಇದು ನಿಮ್ಮ ದನಿ ಕಣ್ರೀ!" ಅಂತ ಹೆಂಡತಿ ನಕ್ಕಳು. ಷಡ್ಕ ನಗಲಿಲ್ಲ. ಮೊದಲು ಕಾವಲುಗಾರನಿಗೆ ಫೋನ್ ಮಾಡಿ ಜನರೇಟರ್ ಹಾಕಿಸಿದ. ಆಮೇಲೆ ಅಂಗವಸ್ತ್ರದಲ್ಲಿ ಗಲ್ಲವನ್ನೂ ಬೆರಳುಗಳನ್ನೂ, ಒಂದೊಂದಾಗಿ, ಚೊಕ್ಕವಾಗಿ ಒರೆಸಿಕೊಂಡು ಕೇಳಿದ, "ಆ ಯಂತ್ರದ ಪಾಸ್‌ವರ್ಡ್ ನಿನ್ನೊಬ್ಬನ ಹತ್ರಾನೆ ಅಲ್ವೇನಪ್ಪಾ ಇರೋದು?"