ಕಹಿ ಇಲ್ಲದ ಸ್ಪ್ರೇ

ಭದ್ರಾವತಿಯ ಕಲ್ಲಪ್ಪ ಉಸಿರುಗಟ್ಟಿ ಸತ್ತಾಗ ಹಿಂದಿನ ದಿನವಷ್ಟೇ ಕ್ಲಿನಿಕ್ಕಿನಿಂದ ತಂದಿದ್ದ ಇನ್ಹೇಲರ್ ಅವರ ಮುಷ್ಟಿಯಲ್ಲೇ ಇತ್ತು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಮಗಳು ದಿವ್ಯಶ್ರೀ ಶಿವಮೊಗ್ಗದ ರವೀಂದ್ರನಗರಕ್ಕೆ, ನಿವೃತ್ತ ಇನ್‌ಸ್ಪೆಕ್ಟರ್ ಬಸವರಾಜೇಶ್ವರಿಯವರ ಮನೆಗೆ ಬಂದಳು. ನನಗೆ ಅವರು ರಾಜಕ್ಕ. ಮಹಡಿಯಲ್ಲಿ ಬಾಡಿಗೆಗಿದ್ದ ನಾನು ಅವರ ತನಿಖೆಗಳಿಗೆಲ್ಲ ಜೊತೆಯಾಗುತ್ತಿದ್ದೆ.

“ಡಾಕ್ಟರ್ ಲೋಹಿತ್ ಉಬ್ಬಸದ ಎರಡು ಔಷಧ ಹೋಲಿಸಿ ನೋಡ್ತಿದ್ರು ಮೇಡಂ. ಕೆಲವರಿಗೆ ಎಳೆದುಕೊಳ್ಳೋ ಹೊಸ ಪುಡಿ, ಅಪ್ಪನಂಥವರಿಗೆ ಹಳೇ ಸ್ಪ್ರೇ. ಅದೇ ಸ್ಪ್ರೇಲಿ ಅಪ್ಪ ಎಷ್ಟೋ ವರ್ಷ ಚೆನ್ನಾಗಿದ್ರು. ಈ ಡಾಕ್ಟ್ರ ಹೋಲಿಕೆಗೆ ಸೇರಿದ ಮೇಲೇ ಉಸಿರಾಟ ಕೆಟ್ಟಿದ್ದು. ನರ್ಸ್ ಮೀರಾ ಔಷಧ ಕದ್ದು ಮಾರ್ಕೊಂಡಿದಾಳೆ ಅಂತಾರೆ ಡಾಕ್ಟ್ರು.”

“ರುಚಿ ಬಗ್ಗೆ ಅಪ್ಪ ಏನಾದ್ರೂ ಹೇಳ್ತಿದ್ರಾ?”

“ಹೂಂ. ಮೊದ್ಲು ಗಂಟಲಲ್ಲಿ ಕಹಿ ಉಳೀತಿತ್ತಂತೆ. ಆಮೇಲಾಮೇಲೆ ಪುಸ್ ಅನ್ನೋದು, ತಣ್ಣಗಾಗೋದು, ಅಷ್ಟೇ.”

ರಾಜಕ್ಕ ಇನ್ಹೇಲರನ್ನು ತಿರುಗಿಸಿದರು. ಎಷ್ಟು ಔಷಧ ಉಳಿದಿದೆ ಎಂದು ತೋರಿಸುವ ಪುಟ್ಟ ಕಿಂಡಿಯ ಮೇಲೆ ಬಿಳಿ ಲೇಬಲ್ ಅಂಟಿಸಿತ್ತು.

ಮರುದಿನ ಭದ್ರಾವತಿಯ ಕ್ಲಿನಿಕ್ಕಿನಲ್ಲಿ ಲೋಹಿತ್ ನಗುತ್ತಲೇ ಎದುರುಗೊಂಡರು. “ಲೇಬಲ್ಲಾ? ನಾನೇ ನನ್ನ ರೂಮಲ್ಲಿ ಕೂತು ಅಂಟಿಸ್ತೀನಿ. ಯಾರಿಗೆ ಯಾವ ಔಷಧ ಅಂತ ರೋಗಿಗೂ ನರ್ಸಿಗೂ ಗೊತ್ತಾಗಬಾರದು ನೋಡಿ. ಆಮೇಲೆ ಪೆಟ್ಟಿಗೆ ಸೀಲ್ ಮಾಡಿ ಮೀರಾಗೆ ಕೊಡ್ತೀನಿ.”

ಹೊರಗೆ ಮೀರಾ ಅಳುತ್ತಿದ್ದಳು. “ಸೀಲ್ ಒಡೆದಿದ್ದನ್ನ ನಾನು ಯಾರಿಗೂ ಕೊಟ್ಟಿಲ್ಲ ಮೇಡಂ. ರೋಗಿಗಳು ವಾಪಸ್ ತರೋ ಖಾಲಿ ಸ್ಪ್ರೇನೂ ಸರ್ ತಮ್ಮ ರೂಮಲ್ಲೇ ಇಡಿಸ್ಕೋತಾರೆ.”

ಸ್ಪ್ರೇ ಪಡೆದ ಉಳಿದವರನ್ನು ಮನೆಮನೆಗೆ ಹೋಗಿ ಕಂಡೆವು. ಎಲ್ಲರೂ ಏದುಸಿರು ಬಿಡುತ್ತಿದ್ದರು. ಕಹಿ ಯಾರ ಬಾಯಲ್ಲೂ ಇರಲಿಲ್ಲ.

ಆ ಸಂಜೆ ರಾಜಕ್ಕ ಎಲ್ಲರನ್ನೂ ಕ್ಲಿನಿಕ್ಕಿನಲ್ಲಿ ಕೂರಿಸಿದರು. ಬಾಗಿಲಲ್ಲಿ ಪೊಲೀಸರಿದ್ದರು.

“ಔಷಧ ಮುಗಿದರೂ ಸ್ಪ್ರೇ ಪುಸ್ ಅನ್ನುತ್ತೆ. ಬರೋದು ಬರೀ ಗ್ಯಾಸು. ಅದಕ್ಕೇ ತಣ್ಣಗೆ, ಅದಕ್ಕೇ ಕಹಿ ಇಲ್ಲ. ಇನ್ನು ಲೇಬಲ್. ಒಂದು ಪುಡಿ, ಒಂದು ಸ್ಪ್ರೇ. ಎರಡೂ ನೋಡೋಕೇ ಬೇರೆ. ಯಾರಿಗೆ ಯಾವುದು ಅನ್ನೋದು ಮಕ್ಕಳಿಗೂ ಗೊತ್ತಾಗುತ್ತೆ. ಹಾಗಾದ್ರೆ ಲೇಬಲ್ ಮುಚ್ಚಿದ್ದು ಏನನ್ನ, ಡಾಕ್ಟ್ರೇ?”

ಅವರು ಲೇಬಲ್ ಕಿತ್ತರು. ಕಿಂಡಿಯಲ್ಲಿ ಸೊನ್ನೆ ಇತ್ತು.

“ಕಲ್ಲಪ್ಪನವರಿಗೆ ಸಾಯೋ ಹಿಂದಿನ ದಿನ ಕೊಟ್ಟ ಸ್ಪ್ರೇ ಒಂದೇ ದಿನಕ್ಕೆ ಸೊನ್ನೆಗೆ ಬರಲ್ಲ. ಮೀರಾ ಕೈಗೆ ಬಂದಿದ್ದು ಸೀಲ್ ಆದ ಪೆಟ್ಟಿಗೆ. ಈ ಸೊನ್ನೆ ನೋಡದೆ ಇದರ ಮೇಲೆ ಲೇಬಲ್ ಅಂಟಿಸೋಕೆ ಆಗಲ್ಲ. ಅಂಟಿಸಿದವರು ನೀವು. ಖಾಲಿ ಸ್ಪ್ರೇ ಇದ್ದಿದ್ದೂ ನಿಮ್ಮ ರೂಮಲ್ಲೇ.”

ಲೋಹಿತ್ ಕರವಸ್ತ್ರದಿಂದ ಮುಖ ಒರೆಸಿಕೊಂಡರು. “ಹೊಸ ಔಷಧ ನಿಜವಾಗ್ಲೂ ಒಳ್ಳೇದೇ ಮೇಡಂ. ಡಾಕ್ಟರ್‌ಗಳ ಸಮ್ಮೇಳನದಲ್ಲಿ ಹೇಳೋಕೆ ಫರಕು ಸ್ವಲ್ಪ ಎದ್ದು ಕಾಣಬೇಕಿತ್ತು, ಅಷ್ಟೇ.”



“ಒಳ್ಳೇದೋ ಕೆಟ್ಟದ್ದೋ, ನಿಮ್ಮ ಈ ಹೋಲಿಕೆಯಿಂದ ಇನ್ನು ಯಾರಿಗೂ ಗೊತ್ತಾಗಲ್ಲ,” ಎಂದರು ರಾಜಕ್ಕ. “ಥೂ! ಕರ್ಕೊಂಡು ಹೋಗ್ರಿ ಇವನನ್ನ.”

ಪೊಲೀಸರು ಲೋಹಿತ್‌ನ ತೋಳು ಹಿಡಿದಾಗ ದಿವ್ಯಶ್ರೀ ಎದ್ದು ಅವನೆದುರು ನಿಂತಳು.

“ಉಸಿರು ಸರಿಯಾಗಿ ಎಳೆಯೋಕೂ ಬರಲ್ವಾ ಅಂತ ಅವತ್ತು ನೀವು ಅಪ್ಪನ್ನ ಬೈದ್ರಿ. ಅವರು ನಿಮಗೆ ಕೈ ಮುಗಿದು, ‘ತಪ್ಪಾಯ್ತು ಸ್ವಾಮಿ, ಇನ್ಮೇಲೆ ಜೋರಾಗಿ ಎಳ್ಕೋತೀನಿ’ ಅಂದಿದ್ರು.”